ಒಂದು ಹನಿ ರಕ್ತ, ಅಂಗೈಯಗಲದ ಯಂತ್ರ: ಅಲ್ಜೈಮರ್ ಪತ್ತೆಗೆ ಬಯೋಸೆನ್ಸರ್ ಎಷ್ಟು ಹತ್ತಿರ ಬಂದಿದೆ?

ಕುತೂಹಲಿ (ಚರ್ಚೆ ಆರಂಭಿಸಿದವರು)

ಅಲ್ಜೈಮರ್ ಕಾಯಿಲೆಯ ಗುರುತುಗಳನ್ನು ರಕ್ತದಲ್ಲೇ ಹಿಡಿಯುವ ಪುಟ್ಟ ಬಯೋಸೆನ್ಸರ್ ಚಿಪ್‌ಗಳ ಬಗ್ಗೆ ಈಚೆಗೆ ಬಹಳ ಓದುತ್ತಿದ್ದೇನೆ. ವರದಿಗಳೆಲ್ಲ ಒಂದೇ ಧಾಟಿಯವು: ಬೆರಳ ತುದಿಯಿಂದ ಒಂದು ಹನಿ, ಕೆಲವೇ ನಿಮಿಷ, ಕೈಯಲ್ಲಿ ಫಲಿತಾಂಶ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಬಾರಿಗೆ ಅಲ್ಜೈಮರ್‌ಗೆ ಸಂಬಂಧಿಸಿದ ರಕ್ತಪರೀಕ್ಷೆಯೊಂದಕ್ಕೆ ಅನುಮತಿಯನ್ನೂ ಕೊಟ್ಟಿದೆ. ಆದರೆ ಅದು ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ನಡೆಯುವ ಪರೀಕ್ಷೆ, ರಕ್ತವನ್ನೂ ತೋಳಿನ ನಾಳದಿಂದಲೇ ತೆಗೆಯಬೇಕು.

ಸಕ್ಕರೆ ಪ್ರಮಾಣವನ್ನು ಮನೆಯಲ್ಲೇ ಕುಳಿತು ಅಳೆಯುವ ಕಾಲದಲ್ಲಿ ಇದನ್ನು ಮಾತ್ರ ಯಾಕೆ ಅಳೆಯಲಾಗುತ್ತಿಲ್ಲ? ತಾಂತ್ರಿಕ ತೊಡಕು ಎಲ್ಲಿದೆ? ಅಂಥ ಯಂತ್ರ ನಾಳೆಯೇ ಬಂದರೆ ಅದನ್ನು ಯಾರು ಬಳಸಬೇಕು? ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ ಎಂದು ಗೊತ್ತು. ಜಾಹೀರಾತಿನ ಭಾಷೆ ಬಿಟ್ಟು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಚಿನ್ನದತಂತಿ

ವಿದ್ಯುದ್ರಾಸಾಯನಿಕ ಸಂವೇದಕಗಳ (ಸೆನ್ಸರ್‌ಗಳ) ಮೇಲೆ ಕೆಲಸ ಮಾಡುತ್ತೇನೆ. ಗ್ಲೂಕೋಸ್ ಮೀಟರಿನ ಹೋಲಿಕೆಯಿಂದಲೇ ಶುರು ಮಾಡೋಣ. ಎಲ್ಲರೂ ಅಲ್ಲಿಂದಲೇ ಯೋಚಿಸುತ್ತಾರೆ, ಕಷ್ಟ ಇರುವುದೂ ಅಲ್ಲಿಯೇ.

ರಕ್ತದಲ್ಲಿ ಗ್ಲೂಕೋಸ್ ಇರುವುದು ಸುಮಾರು 5 ಮಿಲಿಮೋಲಾರ್ (ಮೋಲಾರ್ ಎಂಬುದು ಲೀಟರಿನಲ್ಲಿರುವ ಅಣುಗಳ ಸಂಖ್ಯೆಯ ಅಳತೆ) ಸಾಂದ್ರತೆಯಲ್ಲಿ. ಅಲ್ಜೈಮರ್‌ಗೆ ಈಗ ಅತ್ಯಂತ ನಂಬಿಕೆಯ ರಕ್ತ ಸೂಚಕವೆನಿಸಿರುವುದು ಪಿ-ಟಾವ್217, ಅಂದರೆ ನರಕೋಶಗಳಲ್ಲಿರುವ ಟಾವ್ ಪ್ರೋಟೀನಿನ 217ನೆಯ ಸ್ಥಾನಕ್ಕೆ ಫಾಸ್ಫೇಟ್ ಅಂಟಿಕೊಂಡಿರುವ ರೂಪ. ಇದು ಪ್ಲಾಸ್ಮಾದಲ್ಲಿ (ಕಣಗಳನ್ನು ತೆಗೆದ ರಕ್ತದ ದ್ರವಭಾಗದಲ್ಲಿ) ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಪಿಕೋಗ್ರಾಂಗಿಂತಲೂ ಕಡಿಮೆ. ಅರ್ಧ ಪಿಕೋಗ್ರಾಂ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸುಮಾರು 10 ಫೆಮ್ಟೋಮೋಲಾರ್ ಆಗುತ್ತದೆ. ಗ್ಲೂಕೋಸಿಗೂ ಇದಕ್ಕೂ ಇರುವ ಅಂತರ ನಲವತ್ತು ಸಾವಿರ ಕೋಟಿ ಪಟ್ಟಿಗಿಂತ ಹೆಚ್ಚು.

ಇನ್ನು ಆ ಒಂದು ಹನಿ. ಬೆರಳಿನಿಂದ 20 ಮೈಕ್ರೋಲೀಟರ್ ರಕ್ತ ಸಿಕ್ಕಿತೆನ್ನಿ. ಹೆಚ್ಚುಕಡಿಮೆ ಅರ್ಧದಷ್ಟು ರಕ್ತಕಣಗಳು. ಉಳಿದ 10 ಮೈಕ್ರೋಲೀಟರ್ ಪ್ಲಾಸ್ಮಾದಲ್ಲಿ ನಮಗೆ ಬೇಕಾದ ಅಣುಗಳು ಅರವತ್ತು-ಎಪ್ಪತ್ತು ಸಾವಿರ ಇರಬಹುದು. ಅದೇ ಹನಿಯಲ್ಲಿ ಆಲ್ಬುಮಿನ್ ಎಂಬ ಒಂದೇ ಪ್ರೋಟೀನಿನ ಅಣುಗಳನ್ನು ಲೆಕ್ಕ ಹಾಕಿದರೆ, ಪ್ರತಿ ಒಂದು ಪಿ-ಟಾವ್217ಗೆ ಐದು ಸಾವಿರ ಕೋಟಿಗೂ ಹೆಚ್ಚು ಆಲ್ಬುಮಿನ್ ಅಣುಗಳು! ಆ ಆಲ್ಬುಮಿನ್ ಸುಮ್ಮನೆ ತೇಲುತ್ತಿರುವುದಿಲ್ಲ, ಸಿಕ್ಕಿದ ಮೇಲ್ಮೈಗೆಲ್ಲ ಅಂಟುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಪ್ರೋಟೀನ್ ಅಂತೂ ಇನ್ನೂ ಚೆನ್ನಾಗಿ ಅಂಟುತ್ತದೆ.

ಗ್ಲೂಕೋಸ್ ಪಟ್ಟಿಯಲ್ಲಿ (ಸ್ಟ್ರಿಪ್‌ನಲ್ಲಿ) ಕಿಣ್ವ ಇರುತ್ತದೆ. 1962ರಲ್ಲಿ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ ತೋರಿಸಿಕೊಟ್ಟ ಉಪಾಯದಿಂದ ಬೆಳೆದದ್ದು ಅದು: ಕಿಣ್ವವು ಗ್ಲೂಕೋಸನ್ನು ಒಂದರ ಹಿಂದೆ ಒಂದರಂತೆ ಉತ್ಕರ್ಷಿಸುತ್ತ ಹೋಗುತ್ತದೆ, ಅದರಿಂದ ಹುಟ್ಟುವ ಎಲೆಕ್ಟ್ರಾನುಗಳನ್ನು ನಾವು ವಿದ್ಯುತ್ತಾಗಿ ಅಳೆಯುತ್ತೇವೆ. ಟಾವ್ ಪ್ರೋಟೀನಿಗೆ ಅಂಥ ಕಿಣ್ವವಿಲ್ಲ. ಅದನ್ನು ಗುರುತಿಸುವ ಪ್ರತಿಕಾಯವನ್ನು ಅಥವಾ ಆಪ್ಟಮರನ್ನು (ಅದೇ ಕೆಲಸ ಮಾಡುವ ಡಿಎನ್‌ಎ ಅಥವಾ ಆರ್‌ಎನ್‌ಎ ತುಣುಕನ್ನು) ಚಿನ್ನದ ಎಲೆಕ್ಟ್ರೋಡಿನ ಮೇಲೆ ಕೂರಿಸಿ ಕಾಯಬೇಕು. ಪ್ರತಿಕಾಯ ಹಿಡಿದುಕೊಳ್ಳುತ್ತದೆ, ಅಷ್ಟೇ. ತಾನಾಗಿ ಯಾವ ಸಂಕೇತವನ್ನೂ ಹುಟ್ಟಿಸುವುದಿಲ್ಲ.

ಕಾಯುವುದೂ ಸುಲಭವಲ್ಲ. ಸಂವೇದಕ ಚಿಕ್ಕದಾದಷ್ಟೂ ಸೂಕ್ಷ್ಮವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಫೆಮ್ಟೋಮೋಲಾರ್ ಮಟ್ಟದಲ್ಲಿ ನ್ಯಾನೋ ಗಾತ್ರದ ತಂತಿಯೊಂದನ್ನು ದ್ರವದಲ್ಲಿ ಮುಳುಗಿಸಿ ಅಣುಗಳು ತಾವಾಗಿ ವಿಸರಣೆಯಿಂದ ಬಂದು ತಾಗಲಿ ಎಂದು ಬಿಟ್ಟರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಈ ಮಿತಿಯನ್ನು ಭೌತಶಾಸ್ತ್ರವೇ ಹಾಕಿಟ್ಟಿದೆ. ಎಷ್ಟು ಜಾಣ ವಿನ್ಯಾಸ ಮಾಡಿದರೂ ಅಣು ಬಂದು ತಲುಪದೆ ಸಂಕೇತವಿಲ್ಲ. ಆದ್ದರಿಂದಲೇ ಕಾಂತೀಯ ಮಣಿಗಳ ವಿಧಾನ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಪ್ರತಿಕಾಯ ಹೊತ್ತ ಲಕ್ಷಾಂತರ ಮಣಿಗಳನ್ನು ದ್ರವದೊಳಗೇ ಕಲಕಿ, ಅಣುಗಳಿದ್ದಲ್ಲಿಗೆ ಪ್ರತಿಕಾಯವನ್ನೇ ಕಳುಹಿಸಿ, ಆಮೇಲೆ ಆಯಸ್ಕಾಂತದಿಂದ ಎಲ್ಲವನ್ನೂ ಒಂದೆಡೆ ಎಳೆದುಕೊಳ್ಳುವುದು. ವಿಜ್ಞಾನಿ ಡೇವಿಡ್ ವಾಲ್ಟ್ ಅವರ ತಂಡ ರೂಪಿಸಿದ ಸಿಮೋವಾ ತಂತ್ರವೂ ಮಣಿಗಳನ್ನೇ ನೆಚ್ಚಿಕೊಂಡಿದೆ. ಒಂದೊಂದು ಮಣಿಯನ್ನೂ ಫೆಮ್ಟೋಲೀಟರ್ ಗಾತ್ರದ ಕುಳಿಯಲ್ಲಿ ಕೂರಿಸಿ, ಬೆಳಗಿದ ಕುಳಿಗಳನ್ನು ಎಣಿಸುತ್ತಾರೆ. ರಕ್ತದಲ್ಲಿ ಮಿದುಳಿನ ಪ್ರೋಟೀನುಗಳನ್ನು ಅಳೆಯಬಹುದು ಎಂಬ ಧೈರ್ಯ ಬಂದಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಆ ಯಂತ್ರ ಕೈಯಲ್ಲಿ ಹಿಡಿಯುವಂಥದ್ದಲ್ಲ.

ಸಂಶೋಧನಾರ್ಥಿ

ನಾನು ಪಿಎಚ್‌ಡಿಯ ಆರಂಭದಲ್ಲಿದ್ದೇನೆ, ವಿಷಯ ಗ್ರಾಫೀನ್ ಟ್ರಾನ್ಸಿಸ್ಟರ್ ಸಂವೇದಕಗಳು, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯ ಬಳಿ ಅಣುವಿನ ಆವೇಶ ಬಂದಾಗ ವಿದ್ಯುತ್ ಬದಲಾಗುವುದನ್ನು ಅಳೆಯುವಂಥವು. ಅಲ್ಜೈಮರ್‌ನಲ್ಲಿ ಮಿದುಳಿನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಬೀಟಾ ಎಂಬ ಪೆಪ್ಟೈಡನ್ನು (ಚಿಕ್ಕ ಪ್ರೋಟೀನನ್ನು) ಫೆಮ್ಟೋಮೋಲಾರ್ ಮಟ್ಟದಲ್ಲಿ, ಅದಕ್ಕಿಂತಲೂ ಕೆಳಗೆ, ಪತ್ತೆ ಮಾಡಿದ ಪ್ರಬಂಧಗಳು ಎಷ್ಟೋ ಇವೆ. ಅಂದ ಮೇಲೆ ಸೂಕ್ಷ್ಮತೆಯ ಪ್ರಶ್ನೆ ಬಗೆಹರಿದಂತೆಯೇ ಅಲ್ಲವೇ? ಉಳಿದಿರುವುದು ತಯಾರಿಕೆ ಮತ್ತು ವೆಚ್ಚದ ಪ್ರಶ್ನೆ ಮಾತ್ರ ಎಂದು ನನ್ನ ಗ್ರಹಿಕೆ.

ಚಿನ್ನದತಂತಿ

@ಸಂಶೋಧನಾರ್ಥಿ, ಇಲ್ಲ. ಈ ಗ್ರಹಿಕೆಯಿಂದಲೇ ಒಳ್ಳೆಯ ವಿದ್ಯಾರ್ಥಿಗಳ ವರ್ಷಗಳು ವ್ಯರ್ಥವಾಗುವುದನ್ನು ಕಂಡಿದ್ದೇನೆ, ಅದಕ್ಕೇ ಬಿಗಿಯಾಗಿ ಹೇಳುತ್ತಿದ್ದೇನೆ.

ಆ ಪ್ರಬಂಧಗಳನ್ನು ಮತ್ತೊಮ್ಮೆ ತೆರೆದು, ಅಳೆದದ್ದು ಯಾವುದರಲ್ಲಿ ಎಂದು ನೋಡಿ. ಬಹುಪಾಲು ಶುದ್ಧ ಬಫರ್ ದ್ರಾವಣದಲ್ಲಿ, ಅಂದರೆ ಬರೀ ಲವಣದ ನೀರಿನಂಥದ್ದರಲ್ಲಿ. ಹೊರಗಿನಿಂದ ತಂದ ಸಂಶ್ಲೇಷಿತ ಪೆಪ್ಟೈಡನ್ನು ಅದರಲ್ಲಿ ಬೆರೆಸಿ ರೇಖೆ ಎಳೆದಿರುತ್ತಾರೆ. ಪತ್ತೆಯ ಮಿತಿಯನ್ನು ಖಾಲಿ ಮಾದರಿಯ ಗದ್ದಲದ ಮೂರು ಪಟ್ಟು ಎಂದು ಲೆಕ್ಕ ಹಾಕಿರುತ್ತಾರೆ. ಖಾಲಿ ಮಾದರಿ ಶುದ್ಧ ಬಫರ್ ಆಗಿದ್ದರೆ ಗದ್ದಲ ಕಡಿಮೆಯೇ ಇರುತ್ತದೆ, ಮಿತಿಯೂ ಸುಂದರವಾಗಿ ಕಾಣುತ್ತದೆ. ಅದೇ ಸಂವೇದಕಕ್ಕೆ ಬೇರೆ ಬೇರೆ ಮನುಷ್ಯರ ಪ್ಲಾಸ್ಮಾ ಹಾಕಿದಾಗ ಮೂಲ ಸಂಕೇತವೇ ವ್ಯಕ್ತಿಯಿಂದ ವ್ಯಕ್ತಿಗೆ ಓಲಾಡುತ್ತದೆ.

ನಿಮ್ಮ ಟ್ರಾನ್ಸಿಸ್ಟರಿಗೆ ಇನ್ನೊಂದು ತೊಡಕಿದೆ. ರಕ್ತದಷ್ಟು ಲವಣವಿರುವ ದ್ರವದಲ್ಲಿ ಡಿಬೈ ಉದ್ದ, ಅಂದರೆ ಆವೇಶದ ಪ್ರಭಾವ ತಲುಪುವ ದೂರ, ಒಂದು ನ್ಯಾನೋಮೀಟರಿಗಿಂತ ಕಡಿಮೆ, ಸುಮಾರು 0.7. ಅದರಾಚೆ ಇರುವ ಆವೇಶವನ್ನು ಅಯಾನುಗಳು ಮುಚ್ಚಿಬಿಡುತ್ತವೆ. ಪೂರ್ಣ ಪ್ರತಿಕಾಯದ ಎತ್ತರವೇ ಹತ್ತು ನ್ಯಾನೋಮೀಟರಿನ ಆಸುಪಾಸು. ಪ್ರತಿಕಾಯದ ತುದಿಯಲ್ಲಿ ಕುಳಿತ ಪ್ರೋಟೀನಿನ ಆವೇಶ ಗ್ರಾಫೀನಿಗೆ ಮುಟ್ಟುವುದಾದರೂ ಹೇಗೆ? ಬಫರನ್ನು ನೂರು ಪಟ್ಟು ತೆಳುವಾಗಿಸಿ ಅಳೆದವರಿದ್ದಾರೆ. ರಕ್ತವನ್ನೇ ಹಾಗೆ ತೆಳುವಾಗಿಸಿದರೆ ಮೊದಲೇ ವಿರಳವಾದ ಅಣು ಇನ್ನೂ ನೂರು ಪಟ್ಟು ವಿರಳವಾಗುತ್ತದೆ. ಮೊದಲು ಅಣುವನ್ನು ಹಿಡಿದು, ಆಮೇಲೆ ತೊಳೆದು, ತೆಳು ಬಫರಿನಲ್ಲಿ ಅಳೆಯಬಹುದು. ಪ್ರತಿಕಾಯದ ಚಿಕ್ಕ ತುಂಡುಗಳನ್ನೋ ಆಪ್ಟಮರುಗಳನ್ನೋ ಬಳಸಬಹುದು. ದಾರಿಗಳಿವೆ, ಪ್ರತಿಯೊಂದಕ್ಕೂ ಒಂದು ಹೆಚ್ಚಿನ ಹೆಜ್ಜೆ ಬೇಕು ಎಂಬುದನ್ನು ಮರೆಯಬೇಡಿ.

ಗಟ್ಟಿ ಕೆಲಸ ಇಲ್ಲವೇ ಇಲ್ಲ ಎಂದು ಯಾರೂ ತಿಳಿಯಬಾರದು. 2019ರಲ್ಲಿ ಸಿಂಗಪುರದ ತಂಡವೊಂದು ರಕ್ತದಲ್ಲಿ ತೇಲುವ ಎಕ್ಸೋಸೋಮ್‌ಗಳಿಗೆ (ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳಿಗೆ) ಅಂಟಿಕೊಂಡ ಅಮಿಲಾಯ್ಡನ್ನು ಬೆಳಕಿನಿಂದ ಓದುವ ಪ್ಲಾಸ್ಮೋನಿಕ್ ಚಿಪ್‌ನಿಂದ ಅಳೆದು, ಅದು ಮಿದುಳಿನ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಫಲಿತಾಂಶದೊಂದಿಗೆ ಹೊಂದುತ್ತದೆಯೇ ಎಂದು ರೋಗಿಗಳ ಮಾದರಿಗಳಲ್ಲೇ ಪರೀಕ್ಷಿಸಿತು. 2020ರಲ್ಲಿ ಕೊರಿಯಾದ ತಂಡ ಕಾರ್ಬನ್ ನ್ಯಾನೋಕೊಳವೆಗಳ ಸಾಲಿನ ಮೇಲೆ ಅಮಿಲಾಯ್ಡಿನ ಎರಡು ರೂಪ ಮತ್ತು ಟಾವ್‌ನ ಎರಡು ರೂಪಗಳನ್ನು ಒಟ್ಟಿಗೆ ಅಳೆಯಿತು, ಅದೂ ಮನುಷ್ಯರ ಪ್ಲಾಸ್ಮಾದಲ್ಲೇ. ಮೇಲ್ಮೈಗೆ ಕಸ ಅಂಟದಂತೆ ತಡೆಯುವ ಲೇಪನಗಳಲ್ಲೂ ನಿಜವಾದ ಪ್ರಗತಿ ಆಗಿದೆ. ಆಲ್ಬುಮಿನನ್ನೇ ಗ್ಲುಟರಾಲ್ಡಿಹೈಡಿನಿಂದ ಬೆಸೆದು, ಅದರೊಳಗೆ ಚಿನ್ನದ ನ್ಯಾನೋತಂತಿಗಳನ್ನು ಹುದುಗಿಸಿ ಮಾಡುವ ಲೇಪನ ನನ್ನ ಮೆಚ್ಚಿನದು. ಅಂಟುವ ಪ್ರೋಟೀನನ್ನೇ ಕಾವಲಿಗೆ ನಿಲ್ಲಿಸುವ ಈ ಯೋಚನೆ ಎಷ್ಟು ಸೊಗಸಾಗಿದೆ ನೋಡಿ.

ರಕ್ತಶಾಲೆ

ಆಸ್ಪತ್ರೆಯ ಜೀವರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು. ಸಂವೇದಕದವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಭಾಗದ ಬಗ್ಗೆ ಬರೆಯುತ್ತೇನೆ. ಮಾದರಿ ಚಿಪ್‌ಗೆ ತಲುಪುವ ಮೊದಲೇ ಅರ್ಧ ಆಟ ಮುಗಿದಿರುತ್ತದೆ.

ಅಮಿಲಾಯ್ಡ್ ಬೀಟಾದ 42 ಅಮೈನೋ ಆಮ್ಲಗಳ ರೂಪವಾದ ಅಮಿಲಾಯ್ಡ್ ಬೀಟಾ 42 ಬಹಳ ಅಂಟುಗುಣದ ಪೆಪ್ಟೈಡ್. ಕೊಳವೆಯ ಪ್ಲಾಸ್ಟಿಕ್ ಗೋಡೆಗೇ ಅಂಟಿ ಕಡಿಮೆಯಾಗುತ್ತದೆ. ರಕ್ತವನ್ನು ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಗಂಟೆಗಳಲ್ಲೇ ಪ್ರಮಾಣ ಇಳಿಯುತ್ತದೆ. ಪಿ-ಟಾವ್‌ಗಳು ಅದಕ್ಕಿಂತ ಗಟ್ಟಿ, ಆದರೆ ಸೀರಮ್ಮಿನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವದಲ್ಲಿ) ಅಳೆದ ಮೌಲ್ಯವೂ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆತ ಪ್ಲಾಸ್ಮಾದಲ್ಲಿ ಅಳೆದ ಮೌಲ್ಯವೂ ಒಂದೇ ಅಲ್ಲ. ಬೆರಳ ತುದಿಯನ್ನು ಹಿಂಡಿ ತೆಗೆದ ರಕ್ತದಲ್ಲಿ ಕೆಂಪು ಕಣಗಳು ಒಡೆದಿರುತ್ತವೆ, ಅಂಗಾಂಶ ದ್ರವ ಬೆರೆತಿರುತ್ತದೆ. ಕೆಲವರ ರಕ್ತದಲ್ಲಿ ಪರೀಕ್ಷೆಯ ಪ್ರತಿಕಾಯಗಳಿಗೇ ಅಂಟಿಕೊಳ್ಳುವ ಪ್ರತಿಕಾಯಗಳು ಇರುತ್ತವೆ, ಅವು ಏನೂ ಇಲ್ಲದಲ್ಲಿ ಸಂಕೇತ ಹುಟ್ಟಿಸುತ್ತವೆ. ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ಹೆಚ್ಚಾಗಿ ತೆಗೆದುಕೊಳ್ಳುವವರಲ್ಲಿ ಬಯೋಟಿನ್ ಆಧಾರಿತ ಪರೀಕ್ಷೆಗಳು ಕೆಡುತ್ತವೆ.

ಅಮಿಲಾಯ್ಡ್ 42 ಮತ್ತು 40ರ ಅನುಪಾತವನ್ನು ಪುಟ್ಟ ಯಂತ್ರದಲ್ಲಿ ಅಳೆಯುತ್ತೇವೆ ಎನ್ನುವವರಿಗೆ ಒಂದು ಮಾತು. ಮಿದುಳಿನಲ್ಲಿ ಅಮಿಲಾಯ್ಡ್ ಗಂಟುಗಟ್ಟಿದಾಗ ಬೆನ್ನುಹುರಿ ದ್ರವದಲ್ಲಿ ಈ ಅನುಪಾತ ಅರ್ಧದಷ್ಟು ಕುಸಿಯುತ್ತದೆ. ರಕ್ತದಲ್ಲಿ ಕುಸಿಯುವುದು ಹೆಚ್ಚೆಂದರೆ ಶೇ 10ರಿಂದ 20, ಏಕೆಂದರೆ ಮಿದುಳಿನ ಹೊರಗೂ ದೇಹ ಈ ಪೆಪ್ಟೈಡನ್ನು ತಯಾರಿಸುತ್ತದೆ. ಎರಡನ್ನೂ ತಲಾ ಶೇ 5ರ ಏರುಪೇರಿನಲ್ಲಿ ಅಳೆದರೆ ಅನುಪಾತದ ಏರುಪೇರು ಶೇ 7 ಆಗುತ್ತದೆ. ರೋಗಿಗೂ ಆರೋಗ್ಯವಂತರಿಗೂ ಇರುವ ಅಂತರದ ದೊಡ್ಡ ಪಾಲನ್ನೇ ಅಳತೆಯ ದೋಷ ನುಂಗಿಹಾಕುತ್ತದೆ. ಶೇ 5 ಕೂಡ ದೊಡ್ಡ ಸ್ವಯಂಚಾಲಿತ ಯಂತ್ರ ಕೊಡುವ ಮಟ್ಟ. ಬಳಸಿ ಎಸೆಯುವ ಪಟ್ಟಿಯೊಂದು ಬ್ಯಾಚಿನಿಂದ ಬ್ಯಾಚಿಗೆ ಆ ಸ್ಥಿರತೆಯನ್ನು ಕಾಯ್ದುಕೊಂಡದ್ದನ್ನು ನಾನು ಇನ್ನೂ ನೋಡಿಲ್ಲ.

ಪಿ-ಟಾವ್217 ಈ ವಿಷಯದಲ್ಲಿ ಉದಾರ. ಕಾಯಿಲೆ ಇರುವವರಲ್ಲಿ ಅದು ಎರಡು-ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಏರುತ್ತದೆ. ಅಳತೆಯಲ್ಲಿ ಅಷ್ಟಿಷ್ಟು ತಪ್ಪಿದರೂ ಗುಂಪುಗಳು ಕಲಸಿಹೋಗುವುದಿಲ್ಲ. ಪುಟ್ಟ ಯಂತ್ರದ ಕನಸು ಕಾಣುವವರು ಈ ಒಂದು ಅಣುವಿನ ಮೇಲೆ ಗಮನ ಇಡುವುದು ಒಳ್ಳೆಯದು. ಐದು ಸೂಚಕಗಳನ್ನು ಒಂದೇ ಚಿಪ್‌ನಲ್ಲಿ ತುರುಕಿ ಐದನ್ನೂ ಅರೆಬರೆಯಾಗಿ ಅಳೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ನೆರಳುಜೊತೆ

ಇದನ್ನೆಲ್ಲ ಓದಿದೆ. ನೀವೆಲ್ಲ ಜಾಗ್ರತೆಯಿಂದ ಮಾತಾಡುತ್ತಿದ್ದೀರಿ, ಅದಕ್ಕೆ ಗೌರವವಿದೆ. ಆದರೆ ನಮ್ಮ ಕಡೆಯದನ್ನೂ ಹೇಳಬೇಕು.

ನನ್ನ ತಾಯಿಗೆ ಮರೆವು ಶುರುವಾದಾಗ ನಮಗೆ ಸಿಕ್ಕ ಉತ್ತರ 'ವಯಸ್ಸಾಯಿತಲ್ಲ' ಎಂಬುದು. ಆಮೇಲೆ ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಬೆನ್ನುಹುರಿಗೆ ಸೂಜಿ ಹಾಕಿಸಲು ಅವರು ಒಪ್ಪಲಿಲ್ಲ, ಪೆಟ್ ಸ್ಕ್ಯಾನ್ ನಮ್ಮ ಕೈಗೆ ಎಟುಕಲಿಲ್ಲ. ಕೊನೆಗೆ ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ಅವರಿಗೆ ಅದನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಅವರ ಹಣಕಾಸು, ಅವರ ಇಷ್ಟಗಳು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಇದರಲ್ಲಿ ಒಂದನ್ನೂ ಅವರನ್ನು ಕೇಳಿ ತೀರ್ಮಾನಿಸಲು ನಮಗೆ ಆಗಲಿಲ್ಲ.

ಔಷಧಿ ಇದೆಯೋ ಇಲ್ಲವೋ ಎಂಬುದು ಎರಡನೆಯ ಮಾತು. ಗೊತ್ತಾಗುವುದಕ್ಕೇ ಒಂದು ಬೆಲೆಯಿದೆ. ಶೇ 5ರ ದೋಷ, ಶೇ 7ರ ದೋಷ ಎನ್ನುತ್ತೀರಿ. ಪರೀಕ್ಷೆಯೇ ಇಲ್ಲದಿದ್ದಾಗ ಆಗುವ ದೋಷವನ್ನು ಯಾರಾದರೂ ಅಳೆದಿದ್ದಾರೆಯೇ?

ನರವೈದ್ಯೆ

@ನೆರಳುಜೊತೆ, ಅಳೆದಿದ್ದಾರೆ, ಉತ್ತರ ನಿಮ್ಮ ಪರವಾಗಿಯೇ ಇದೆ. 2024ರಲ್ಲಿ ಸ್ವೀಡನ್ನಿನಲ್ಲಿ 1,213 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ರಕ್ತಪರೀಕ್ಷೆ ಇಲ್ಲದೆ, ಮಾತುಕತೆ, ಅರಿವಿನ ಪರೀಕ್ಷೆ ಮತ್ತು ಸಿಟಿ ಸ್ಕ್ಯಾನ್ ಆಧಾರದಲ್ಲಿ ಪ್ರಾಥಮಿಕ ಹಂತದ ವೈದ್ಯರು ಅಲ್ಜೈಮರನ್ನು ಸರಿಯಾಗಿ ಗುರುತಿಸಿದ್ದು ಶೇ 61ರಷ್ಟು ಸಂದರ್ಭಗಳಲ್ಲಿ. ಮರೆಗುಳಿತನದ ತಜ್ಞರು ಶೇ 73ರಷ್ಟು. ಪಿ-ಟಾವ್217 ಮತ್ತು ಅಮಿಲಾಯ್ಡ್ ಅನುಪಾತ ಸೇರಿದ ರಕ್ತಪರೀಕ್ಷೆ ಸುಮಾರು ಶೇ 91. ನನ್ನ ವೃತ್ತಿಯವರೆಲ್ಲ ಈ ಅಂಕಿಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮ್ಮ ತಾಯಿಗೆ ಆದದ್ದು ಅಪರೂಪದ ಘಟನೆಯಲ್ಲ.

ಆದರೆ ಆ ಶೇ 91 ಬಂದದ್ದು ಮಾಸ್ ಸ್ಪೆಕ್ಟ್ರೋಮೀಟರಿನಿಂದ, ಅಂದರೆ ಅಣುಗಳನ್ನು ತೂಕದಿಂದ ಗುರುತಿಸುವ ಪ್ರಯೋಗಾಲಯದ ದೊಡ್ಡ ಯಂತ್ರದಿಂದ. ಪರೀಕ್ಷೆಗೆ ಒಳಗಾದವರು ಮರೆವಿನ ದೂರು ಹೊತ್ತು ವೈದ್ಯರ ಬಳಿ ಬಂದವರು. 2025ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕ ಪರೀಕ್ಷೆಯೂ ಹಾಗೆಯೇ. 55 ವರ್ಷ ಮೀರಿದ, ಲಕ್ಷಣಗಳಿರುವ ವ್ಯಕ್ತಿಗಳಿಗೆ ಮಾತ್ರ. 499 ಜನರ ಮಾದರಿಗಳಲ್ಲಿ ಅದು ಅಮಿಲಾಯ್ಡ್ ಇದೆ ಎಂದವರಲ್ಲಿ ಶೇ 91.7 ಜನರಿಗೆ ನಿಜಕ್ಕೂ ಇತ್ತು. ಇಲ್ಲ ಎಂದವರಲ್ಲಿ ಶೇ 97.3 ಜನರಿಗೆ ಇರಲಿಲ್ಲ. ಶೇ 20ಕ್ಕಿಂತ ಕಡಿಮೆ ಜನರಿಗೆ 'ಹೇಳಲಾಗದು' ಎಂಬ ಉತ್ತರ ಬಂತು. ಆ 'ಹೇಳಲಾಗದು' ಎಂಬ ಉತ್ತರ ಪರೀಕ್ಷೆಯ ಪ್ರಾಮಾಣಿಕತೆ. ಹಸಿರು-ಕೆಂಪು ದೀಪದ ಪುಟ್ಟ ಯಂತ್ರ ಆ ಮೂರನೆಯ ಉತ್ತರವನ್ನು ಕೊಡದಿದ್ದರೆ ನನಗೆ ಅದರ ಮೇಲೆ ವಿಶ್ವಾಸ ಬರುವುದಿಲ್ಲ.

ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ ಎಂಬುದಕ್ಕೆ ಇನ್ನೊಂದು ಕಾರಣ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದ್ದವರಲ್ಲಿ ಪಿ-ಟಾವ್217 ಅಲ್ಜೈಮರ್ ಇಲ್ಲದೆಯೂ ಏರಿರುತ್ತದೆ. ದೇಹತೂಕ ಬಹಳ ಹೆಚ್ಚಿದ್ದವರಲ್ಲಿ ಇಳಿದಿರುತ್ತದೆ. ಫಾಸ್ಫೇಟ್ ಅಂಟಿದ ಟಾವ್‌ಗೂ ಅಂಟದ ಟಾವ್‌ಗೂ ಇರುವ ಅನುಪಾತ ತೆಗೆದುಕೊಂಡರೆ ಮೂತ್ರಪಿಂಡದ ಪ್ರಭಾವ ಬಹಳಷ್ಟು ತಗ್ಗುತ್ತದೆ, ಆದರೆ ಯಂತ್ರ ಎರಡು ಅಣುಗಳನ್ನು ಅಳೆಯಬೇಕಾಗುತ್ತದೆ. ಇನ್ನು, ಪರೀಕ್ಷೆ 'ಇದೆ' ಎಂದರೂ ಮರೆವಿಗೆ ಅದೇ ಕಾರಣವೆಂದು ಖಚಿತವಾಗುವುದಿಲ್ಲ. ಬಿ12 ಕೊರತೆ, ಥೈರಾಯ್ಡ್ ಕೊರತೆ, ಖಿನ್ನತೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಕೆಲವು ಮಾತ್ರೆಗಳ ಅಡ್ಡ ಪರಿಣಾಮ, ಇವೆಲ್ಲ ಸರಿಪಡಿಸಬಹುದಾದವು. ಮಿದುಳಿನಲ್ಲಿ ಅಮಿಲಾಯ್ಡ್ ಇದ್ದೂ ಈಗಿನ ಗೊಂದಲಕ್ಕೆ ಬಿ12 ಕಾರಣವಾಗಿರುವ ಮನುಷ್ಯ ಇರುತ್ತಾನೆ. ಯಂತ್ರದ ಮಾತನ್ನೇ ನಂಬಿ ಅವನನ್ನು ಕೈಬಿಡುವುದು ಘೋರ.

ಲೆಕ್ಕದಮನೆ

ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಲ್ಲಿ ಒಂದು ಲೆಕ್ಕ ಬಾಕಿ ಇದೆ.

ರೋಗವಿದ್ದವರಲ್ಲಿ ಶೇ 90 ಜನರನ್ನು ಹಿಡಿಯುವ, ಇಲ್ಲದವರಲ್ಲಿ ಶೇ 90 ಜನರನ್ನು ಸರಿಯಾಗಿ ಬಿಟ್ಟುಬಿಡುವ ಯಂತ್ರ ಇದೆ ಎಂದುಕೊಳ್ಳಿ. ಮರೆವಿನ ಚಿಕಿತ್ಸಾಲಯಕ್ಕೆ ಬಂದ 1,000 ಜನರಲ್ಲಿ 500 ಮಂದಿಗೆ ಕಾಯಿಲೆ ಇದ್ದರೆ, 'ಇದೆ' ಎಂಬ ಉತ್ತರ 450 ಸಲ ನಿಜ, 50 ಸಲ ಸುಳ್ಳು. ಚೆನ್ನಾಗಿದೆ. ಅದೇ ಯಂತ್ರವನ್ನು ಕೇವಲ 100 ಮಂದಿಗೆ ಕಾಯಿಲೆ ಇರುವ 1,000 ಜನರ ನಡುವೆ ಬಳಸಿ. ನಿಜವಾದ 'ಇದೆ' 90, ಸುಳ್ಳು 'ಇದೆ' ಕೂಡ 90. ನಾಣ್ಯ ಚಿಮ್ಮಿದಂತೆ. ಯಂತ್ರ ಒಂದಿಷ್ಟೂ ಬದಲಾಗಿಲ್ಲ, ಜನ ಬದಲಾದರು ಅಷ್ಟೇ.

ಆದರೆ ಎರಡನೆಯ ಗುಂಪಿನಲ್ಲಿ 'ಇಲ್ಲ' ಎಂಬ ಉತ್ತರವನ್ನು ನೋಡಿ. 820 ಸಲ 'ಇಲ್ಲ' ಎಂದಿದೆ, ಅದರಲ್ಲಿ ತಪ್ಪು 10 ಮಾತ್ರ. ಸುಮಾರು ಶೇ 99 ಸರಿ. ಹೀಗಾಗಿ ಸಾಮಾನ್ಯ ಚಿಕಿತ್ಸಾಲಯದಲ್ಲಿ ಇಂಥ ಯಂತ್ರ ಕಾಯಿಲೆಯನ್ನು ತಳ್ಳಿಹಾಕಲು ಬಹಳ ಉಪಯುಕ್ತ, ದೃಢಪಡಿಸಲು ಅಲ್ಲ.

ನರವೈದ್ಯೆ

@ಲೆಕ್ಕದಮನೆ ಹೇಳಿದ್ದು ಈಗ ನಿಯಮಗಳಲ್ಲೂ ಕಾಣುತ್ತಿದೆ. 2025ರ ಅಕ್ಟೋಬರಿನಲ್ಲಿ ಎಫ್‌ಡಿಎ ಅನುಮತಿ ಕೊಟ್ಟ ಪಿ-ಟಾವ್181 (181ನೆಯ ಸ್ಥಾನದಲ್ಲಿ ಫಾಸ್ಫೇಟ್ ಇರುವ ಟಾವ್) ಪರೀಕ್ಷೆಯ ಉದ್ದೇಶ ಪ್ರಾಥಮಿಕ ಹಂತದಲ್ಲಿ ಅಮಿಲಾಯ್ಡ್ ಇಲ್ಲವೆಂದು ತಳ್ಳಿಹಾಕುವುದು. ಅದೇ ವರ್ಷ ಅಮೆರಿಕದ ಅಲ್ಜೈಮರ್ಸ್ ಅಸೋಸಿಯೇಷನ್ ಹೊರತಂದ ಮಾರ್ಗಸೂಚಿಯಲ್ಲಿ ಎರಡು ಮೆಟ್ಟಿಲುಗಳಿವೆ. ಸೂಕ್ಷ್ಮತೆ (ರೋಗವಿದ್ದವರನ್ನು ಹಿಡಿಯುವ ಪ್ರಮಾಣ) ಶೇ 90 ಮತ್ತು ನಿರ್ದಿಷ್ಟತೆ (ಇಲ್ಲದವರನ್ನು ಸರಿಯಾಗಿ ಬಿಟ್ಟುಬಿಡುವ ಪ್ರಮಾಣ) ಶೇ 75 ಇದ್ದರೆ ಮೊದಲ ಜರಡಿಯಾಗಿ ಬಳಸಬಹುದು. ಎರಡೂ ಶೇ 90 ಮುಟ್ಟಿದರೆ ಮಾತ್ರ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆಯ ಬದಲಿಗೆ ಬಳಸಬಹುದು. ಅದೂ ತಜ್ಞರ ಕೈಯಲ್ಲಿ, ಅರಿವಿನ ತೊಂದರೆ ಇರುವವರಲ್ಲಿ. ಪುಟ್ಟ ಯಂತ್ರ ಮಾಡುವವರಿಗೆ ಮೊದಲ ಮೆಟ್ಟಿಲೇ ಸಾಕಷ್ಟು ದೊಡ್ಡ ಗುರಿ.

ಕುತೂಹಲಿ

ಉತ್ತರಗಳಿಗೆ ಕೃತಜ್ಞ. ಹಾಗಾದರೆ ಯಾವ ಲಕ್ಷಣವೂ ಇಲ್ಲದವರ ವಿಷಯ ಏನು? ಕಾಯಿಲೆಯ ಗುರುತುಗಳು ಮರೆವು ಶುರುವಾಗುವುದಕ್ಕಿಂತ ಹದಿನೈದು-ಇಪ್ಪತ್ತು ವರ್ಷ ಮೊದಲೇ ಕಾಣಿಸುತ್ತವೆ ಎನ್ನುತ್ತಾರಲ್ಲ. ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಆಸೆ ಬಹುಪಾಲು ಅಂಥವರದ್ದೇ.

ನರವೈದ್ಯೆ

ನನ್ನ ಅಭಿಪ್ರಾಯ ಸ್ಪಷ್ಟ: ಸದ್ಯಕ್ಕೆ ಬೇಡ.

ಅರಿವು ಸಂಪೂರ್ಣ ಸರಿಯಿರುವ ಜನರಲ್ಲೂ 50ರ ವಯಸ್ಸಿನಲ್ಲಿ ಸುಮಾರು ಶೇ 10 ಮಂದಿಗೆ, 90ರ ವಯಸ್ಸಿನಲ್ಲಿ ಸುಮಾರು ಶೇ 44 ಮಂದಿಗೆ ಮಿದುಳಿನಲ್ಲಿ ಅಮಿಲಾಯ್ಡ್ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2015ರಲ್ಲೇ ತೋರಿಸಿದೆ. ಇವರಲ್ಲಿ ಎಷ್ಟೋ ಮಂದಿ ಮರೆವು ಬಾರದೆಯೇ ಬದುಕು ಮುಗಿಸುತ್ತಾರೆ. ಅವರನ್ನು ರೋಗಿಗಳೆಂದು ಕರೆಯಬೇಕೇ? 2024ರಲ್ಲಿ ಈ ಬಗ್ಗೆ ಎರಡು ತಜ್ಞ ಗುಂಪುಗಳು ಎರಡು ದಾರಿ ಹಿಡಿದವು. ಸೂಚಕ ಕಂಡರೆ ಕಾಯಿಲೆಯೇ ಎಂದು ಒಂದು ಗುಂಪು, ಲಕ್ಷಣ ಇಲ್ಲದಿದ್ದರೆ ಅದು ಅಪಾಯದ ಸ್ಥಿತಿ ಮಾತ್ರ ಎಂದು ಇನ್ನೊಂದು. ರೋಗಿಯ ಎದುರು ಕುಳಿತು ಮಾತಾಡಬೇಕಾದವಳಾಗಿ ನಾನು ಎರಡನೆಯವರ ಪರ. 52 ವರ್ಷದ ಒಬ್ಬ ಮನುಷ್ಯ ರಾತ್ರಿ ಒಬ್ಬನೇ ಕುಳಿತು ಯಂತ್ರದಲ್ಲಿ ಕೆಂಪು ದೀಪ ನೋಡುತ್ತಾನೆ. ಅವನಿಗೆ ಏನು ಹೇಳುವುದು, ಯಾರು ಹೇಳುವುದು?

ಔಷಧಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮಿದುಳಿನ ಅಮಿಲಾಯ್ಡನ್ನು ತೆಗೆಯುವ ಲೆಕಾನೆಮಾಬ್‌ಗೆ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಎರಡೂ ಆರಂಭದ ಲಕ್ಷಣಗಳಿರುವವರಿಗೆ. 1,795 ಜನರ ಪ್ರಯೋಗದಲ್ಲಿ ಲೆಕಾನೆಮಾಬ್ 18 ತಿಂಗಳಲ್ಲಿ ಕ್ಷೀಣಿಸುವ ವೇಗವನ್ನು ಶೇ 27ರಷ್ಟು ತಗ್ಗಿಸಿತು, ನಿಲ್ಲಿಸಲಿಲ್ಲ. ಔಷಧಿ ಪಡೆದವರಲ್ಲಿ ಶೇ 12.6 ಮಂದಿಗೆ ಸ್ಕ್ಯಾನ್‌ನಲ್ಲಿ ಮಿದುಳಿನ ಊತ ಕಾಣಿಸಿತು. ಈ ಅಪಾಯ, ಅಲ್ಜೈಮರ್ ಬರುವ ಸಾಧ್ಯತೆ ಹೆಚ್ಚಿಸುವ ಎಪಿಒಇ4 ವಂಶವಾಹಿಯ ಎರಡು ಪ್ರತಿ ಇರುವವರಲ್ಲಿ ಹೆಚ್ಚು. ಲಕ್ಷಣವಿಲ್ಲದವರಿಗೆ ಈ ಔಷಧಿಗಳು ಪ್ರಯೋಜನಕಾರಿಯೇ ಎಂಬ ಪ್ರಶ್ನೆಗೆ ದೊಡ್ಡ ಪ್ರಯೋಗಗಳು ಉತ್ತರ ಹುಡುಕುತ್ತಿವೆ.

ನೆರಳುಜೊತೆ

ನಾನು ಒಪ್ಪುವುದಿಲ್ಲ. ತಾಯಿಗೆ ಆದದ್ದನ್ನು ನೋಡಿದವಳು ನಾನು. ನನಗೆ ಗೊತ್ತಾಗಬೇಕು. ಅನಿಶ್ಚಿತತೆಯನ್ನು ವಿವರಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುವಷ್ಟು ವಿವೇಕ ಜನರಿಗೆ ಇದೆ. ಒಬ್ಬನೇ ಕುಳಿತು ಕೆಂಪು ದೀಪ ನೋಡುವುದು ತಪ್ಪು ಎನ್ನುವುದಾದರೆ ಪಕ್ಕದಲ್ಲಿ ಯಾರಾದರೂ ಕುಳಿತುಕೊಳ್ಳುವ ವ್ಯವಸ್ಥೆ ಮಾಡಿ. ದೀಪವನ್ನೇ ಆರಿಸುವುದು ಪರಿಹಾರವಲ್ಲ.

ನರವೈದ್ಯೆ

ತಿಳಿದುಕೊಳ್ಳುವ ಹಕ್ಕು ನಿಮ್ಮದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಮಿದುಳಿನ ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ ಪರೀಕ್ಷೆಗೆ ಮೊದಲೂ ನಂತರವೂ ಆಪ್ತಸಮಾಲೋಚನೆ ನಡೆಸುವ ಪದ್ಧತಿ ದಶಕಗಳಿಂದ ಬೆಳೆದುಬಂದಿದೆ. ಆದರೆ ಆ ಪರೀಕ್ಷೆಯ ಉತ್ತರ ಬಹುತೇಕ ಖಚಿತ, ನಮ್ಮದು ಹಾಗಲ್ಲ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ನಿಂತಿದ್ದೇವೆ, ಹಾಗೇ ಇರಲಿ.

ರಕ್ತಶಾಲೆ

ಮನೆಗೂ ಪ್ರಯೋಗಾಲಯಕ್ಕೂ ನಡುವೆ ಇನ್ನೊಂದು ದಾರಿ ತೆರೆಯುತ್ತಿದೆ, ಅದನ್ನು ಯಾರೂ ಪ್ರಸ್ತಾಪಿಸಲಿಲ್ಲ. ಬೆರಳ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ, ತಣ್ಣಗಿಡುವ ಅಗತ್ಯವಿಲ್ಲದೆ ಅಂಚೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುವುದು. ಯುರೋಪಿನ ಹಲವು ಕೇಂದ್ರಗಳು ಸೇರಿ ನಡೆಸಿದ ಡ್ರಾಪ್-ಎಡಿ ಅಧ್ಯಯನದಲ್ಲಿ ಒಣ ರಕ್ತದ ಪಿ-ಟಾವ್217 ಮೌಲ್ಯಗಳು ತೋಳಿನ ರಕ್ತದ ಮೌಲ್ಯಗಳೊಂದಿಗೆ ಚೆನ್ನಾಗಿ ಹೊಂದಿಕೊಂಡವು. ಯಂತ್ರವನ್ನು ಚಿಕ್ಕದಾಗಿಸುವ ಬದಲು ಮಾದರಿಯನ್ನು ಪ್ರಯಾಣಕ್ಕೆ ಒಗ್ಗಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ 5.7 ಕೋಟಿ ಜನ ಮರೆಗುಳಿತನದೊಂದಿಗೆ ಬದುಕುತ್ತಿದ್ದರು, ಅವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಶೈತ್ಯ ಸರಪಳಿ ಇಲ್ಲದ ಊರುಗಳಿಗೆ ಚಿಪ್‌ಗಿಂತ ಮೊದಲು ಕಾಗದ ತಲುಪಬಹುದು.

ಸಂಶೋಧನಾರ್ಥಿ

@ಚಿನ್ನದತಂತಿ, ಪ್ರಬಂಧಗಳನ್ನು ಮತ್ತೆ ತೆರೆದು ನೋಡಿದೆ, ನೀವು ಹೇಳಿದ ಕಣ್ಣಿನಿಂದ. ನೇರವಾಗಿ ಕೇಳುತ್ತೇನೆ. ನೀವು ನನ್ನ ಜಾಗದಲ್ಲಿದ್ದರೆ ಏನು ಕಟ್ಟುತ್ತಿದ್ದಿರಿ?

ಚಿನ್ನದತಂತಿ

ಮನೆಯ ಕಿಟ್ ಅಲ್ಲ. ಸಾಮಾನ್ಯ ವೈದ್ಯರ ಮೇಜಿನ ಮೇಲೆ ಕೂರುವ ಪುಟ್ಟ ಪೆಟ್ಟಿಗೆ, ಒಮ್ಮೆ ಬಳಸಿ ಎಸೆಯುವ ಕಾರ್ಟ್ರಿಜ್. ತೋಳಿನ ರಕ್ತ ಒಂದೆರಡು ಮಿಲಿಲೀಟರ್ ತೆಗೆದುಕೊಳ್ಳಿ, ಬೆರಳಿನ ಹನಿಯ ಹಟ ಬಿಡಿ. ಸೂಜಿಯ ನೋವು ಹೆಚ್ಚುಕಡಿಮೆ ಒಂದೇ, ಅಣುಗಳು ಐವತ್ತರಿಂದ ನೂರು ಪಟ್ಟು ಹೆಚ್ಚು ಸಿಗುತ್ತವೆ. ಪ್ಲಾಸ್ಮಾವನ್ನು ಕಾರ್ಟ್ರಿಜ್ಜಿನ ಪೊರೆಯೇ ಸೋಸಲಿ. ಕಾಂತೀಯ ಮಣಿಗಳಿಂದ ಹಿಡಿಯಿರಿ, ತೊಳೆಯಿರಿ, ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ ಕೂರಿಸಿ, ಎಲೆಕ್ಟ್ರೋಡಿನ ಮೇಲೆ ವಿದ್ಯುತ್ತಾಗಿ ಓದಿ. ನಲವತ್ತು ನಿಮಿಷ ಹಿಡಿದರೂ ಪರವಾಗಿಲ್ಲ. ಈ ಕಾಯಿಲೆ ಹತ್ತಾರು ವರ್ಷ ತೆಗೆದುಕೊಂಡು ಬೆಳೆಯುತ್ತದೆ, ಫಲಿತಾಂಶ ಹತ್ತು ನಿಮಿಷದಲ್ಲೇ ಬರಬೇಕೆಂಬ ಅವಸರ ಯಾರಿಗೂ ಇಲ್ಲ. ಮೊದಲು ಪಿ-ಟಾವ್217, ಅದು ಸ್ಥಿರವಾದ ಮೇಲೆ ಫಾಸ್ಫೇಟ್ ಇಲ್ಲದ ಟಾವ್. ಪ್ರತಿ ಕಾರ್ಟ್ರಿಜ್ಜಿನಲ್ಲೂ ಗೊತ್ತಿರುವ ಪ್ರಮಾಣದ ನಿಯಂತ್ರಣ ಮಾದರಿ ಇರಲಿ, ಅದು ತಪ್ಪಿದರೆ ಯಂತ್ರ ಉತ್ತರ ಕೊಡಲು ನಿರಾಕರಿಸಲಿ. ಉತ್ತರ ಮೂರು ಬಗೆಯದು: ಇಲ್ಲ, ಮುಂದಿನ ಪರೀಕ್ಷೆಗೆ ಕಳುಹಿಸಿ, ಹೇಳಲಾಗದು.

ಗ್ರಾಫೀನ್ ನಿಮ್ಮ ಮಾರ್ಗದರ್ಶಕರ ಆಯ್ಕೆಯಾದರೆ ಅದನ್ನು ಓದುವ ತುದಿಯಲ್ಲಿ ಇಟ್ಟುಕೊಳ್ಳಿ, ಮಣಿಗಳು ಮುಂದೆ ಇರಲಿ. ಎಲ್ಲಕ್ಕಿಂತ ಮೊದಲು, ಈ ವಾರವೇ, ಯಾವ ಗುರಿ ಅಣುವನ್ನೂ ಬೆರೆಸದೆ ಇಪ್ಪತ್ತು ಬೇರೆ ಬೇರೆ ಆರೋಗ್ಯವಂತರ ಪ್ಲಾಸ್ಮಾವನ್ನು ನಿಮ್ಮ ಈಗಿನ ಸಂವೇದಕಕ್ಕೆ ಹಾಕಿ ನೋಡಿ. ಇಪ್ಪತ್ತು ಸಂಕೇತಗಳ ಹರವು ಎಷ್ಟಿದೆಯೋ ಅದೇ ನಿಮ್ಮ ನಿಜವಾದ ಗದ್ದಲ.

ರಕ್ತಶಾಲೆ

@ಸಂಶೋಧನಾರ್ಥಿ, ಅದಕ್ಕೆ ಒಂದು ಸೇರ್ಪಡೆ. ಎಲ್ಲವೂ ಇಡಿಟಿಎ ಕೊಳವೆಯಲ್ಲೇ ತೆಗೆದ ರಕ್ತವಾಗಿರಲಿ, ಬೇರ್ಪಡಿಸಿದ ಹೊತ್ತನ್ನು ಬರೆದಿಡಿ, ಸಣ್ಣ ಸಣ್ಣ ಭಾಗಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಮೂತ್ರಪಿಂಡದ ಕ್ರಿಯಾಟಿನಿನ್ ಮೌಲ್ಯವನ್ನೂ ಪ್ರತಿ ಮಾದರಿಯ ಜೊತೆ ಕೇಳಿ ಪಡೆಯಿರಿ. ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಇಲ್ಲಿ ಬರೆಯಿರಿ, ಮಾದರಿ ಸಂಗ್ರಹದ ಕ್ರಮವನ್ನು ಹಂತಹಂತವಾಗಿ ಬರೆದು ಕೊಡುತ್ತೇನೆ.